ಹಸಿರು ಗೆರೆ ಹಿಡಿದು ಎಸ್.ಪಿ. ರೋಡಿಗೆ

ಬನಶಂಕರಿಯಲ್ಲಿ ಮೆಟ್ರೋ ಹತ್ತಿದಾಗ ನನ್ನ ಬ್ಯಾಗಿನಲ್ಲಿ ಎರಡು ಕೆಟ್ಟ ಫೋನ್ ಇದ್ದವು. ಒಂದರ ಪರದೆ ಮೇಲೆ ಮೇಲಿಂದ ಕೆಳಗಿನ ತನಕ ನೂಲು ಎಳೆದ ಹಾಗೆ ಒಂದು ಹಸಿರು ಗೆರೆ. ಹಸಿರು ಮಾರ್ಗದ ರೈಲಿನಲ್ಲಿ ಕೂತು ಹಸಿರು ಗೆರೆಯ ಫೋನ್ ನೋಡ್ತಾ ಇದ್ದರೆ ನಗು ಬರಬೇಕಿತ್ತು. ಬರಲಿಲ್ಲ. ತಿಪಟೂರಿನಿಂದ ಅಮ್ಮ ಬೆಳಗ್ಗೆಯಿಂದ ಮೂರು ಸಲ ಪಕ್ಕದ ಮನೆಯವರ ಫೋನಿನಲ್ಲಿ ಕಾಲ್ ಮಾಡಿ "ಆಯ್ತೇನೇ?" ಅಂತ ಕೇಳಿಯಾಗಿತ್ತು.

ಅಮ್ಮ ಬ್ಲೌಸ್ ಹೊಲಿಯುತ್ತಾಳೆ. ಇಪ್ಪತ್ತು ವರ್ಷದಿಂದ ಮನೆಯ ಮುಂದಿನ ರೂಮೇ ಅವಳ ಅಂಗಡಿ. ಮೊದಲು ಅಳತೆಗೆ ಒಂದು ನೋಟ್ ಬುಕ್, ಡಿಸೈನಿಗೆ ಒಂದು ಹಳೇ ಕ್ಯಾಟಲಾಗ್ ಇತ್ತು. ಈಗ ಎಲ್ಲಾ ಫೋನಿನಲ್ಲಿ. ಮದುವೆ ಮನೆಯವರು ವಾಟ್ಸ್ಆ್ಯಪ್‌ನಲ್ಲಿ ಬೆನ್ನಿನ ಡಿಸೈನ್ ಕಳಿಸ್ತಾರೆ, "ಆಂಟಿ, ತೋಳು ಮೊಣಕೈ ತನಕ ಬರ್ಲಿ" ಅಂತ ವಾಯ್ಸ್ ಮೆಸೇಜ್ ಹಾಕ್ತಾರೆ, ಅಡ್ವಾನ್ಸ್ ಯುಪಿಐನಲ್ಲಿ ಬರುತ್ತೆ. ಯಾರು ಕೊಟ್ಟಿದ್ದಾರೆ, ಯಾರು ಕೊಟ್ಟಿಲ್ಲ ಅನ್ನೋ ಲೆಕ್ಕವೂ ಅದರಲ್ಲೇ. 2025ರ ಯುಗಾದಿಗೆ ನಾಲ್ಕು ದಿನ ಇರುವಾಗ ಆ ಫೋನು ಒಂದು ಅಪ್‌ಡೇಟ್ ಬಂದಿದೆ ಅಂದಿತು. ಅಮ್ಮ ಸರಿ ಅಂತ ಒತ್ತಿ ಮಲಗಿದಳು. ಬೆಳಗ್ಗೆ ಎದ್ದು ನೋಡಿದರೆ ಹಸಿರು ಗೆರೆ. ವಾರ ಕಳೆಯುವಷ್ಟರಲ್ಲಿ ಗೆರೆಯ ಬಲಗಡೆ ಟಚ್ ಕೆಲಸ ಮಾಡೋದು ನಿಂತಿತು. ಆಗ ಅವಳ ಕೈಯಲ್ಲಿ ಮೂವತ್ತೆರಡು ಬ್ಲೌಸ್ ಇದ್ದವು, ಎಲ್ಲವೂ ವೈಶಾಖದ ಮದುವೆಗಳಿಗೆ.

ಆ ಫೋನು 2022ರಲ್ಲಿ ನಾನು ಕೊಂಡಿದ್ದು. ಎರಡು ವರ್ಷ ಬಳಸಿ ಅಮ್ಮನಿಗೆ ಕೊಟ್ಟೆ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಫೋನು ನಮ್ಮಲ್ಲಿ ಮೇಲಿಂದ ಕೆಳಕ್ಕೆ ಹರಿಯುತ್ತೆ. ನಾನೋ ತಮ್ಮನೋ ಹೊಸದು ಕೊಂಡರೆ ಹಳೇದು ಅಪ್ಪನಿಗೆ ಅಥವಾ ಅಮ್ಮನಿಗೆ. ಕೊಡುವಾಗ ದೊಡ್ಡ ಉಪಕಾರ ಮಾಡಿದ ಹಾಗೆ ಕೊಡ್ತೀವಿ, ಹೊಸ ಕವರ್ ಬೇರೆ ಹಾಕಿ.

ಕಂಪನಿ ಯಾವುದು ಅಂತ ಕೇಳಬೇಡಿ. ಹೆಸರು ಹೇಳಿದರೆ ಅದೇ ಕಂಪನಿಯ ಫೋನನ್ನು ನಾಲ್ಕು ವರ್ಷದಿಂದ ಒಂದು ಗೀರೂ ಇಲ್ಲದೆ ಇಟ್ಟುಕೊಂಡವರು ಜಗಳಕ್ಕೆ ಬರ್ತಾರೆ. ಅವರು ಹೇಳೋದೂ ಸುಳ್ಳಲ್ಲ. ಅದರ ಸರ್ವಿಸ್ ಸೆಂಟರ್‌ಗೆ ಹೋಗಿದ್ದೆ ಅಂತ ಮಾತ್ರ ಹೇಳ್ತೀನಿ. ಎಸಿ ಇತ್ತು, ಟೋಕನ್ ಇತ್ತು, ಕುಡಿಯಲು ನೀರು ಇತ್ತು. ಡಿಸ್‌ಪ್ಲೇ ಬದಲಿಸಲು 9,800 ರೂಪಾಯಿ, ಹತ್ತು ದಿನ, ಒಳಗಿರುವ ಡೇಟಾ ಹೋದರೆ ನಾವು ಜವಾಬ್ದಾರರಲ್ಲ ಅಂತ ಒಂದು ಸಹಿ. "ಅಪ್‌ಡೇಟ್ ಆದ ಮೇಲೆ ತಾನೇ ಹೀಗಾಗಿದ್ದು?" ಅಂದೆ. ವಾರಂಟಿ ಮುಗಿದಿದೆ ಮೇಡಂ ಅಂದರು. ಇನ್ನು ಮುಂದೆ ಈ ಮಾಡೆಲ್‌ಗೆ ಅಪ್‌ಡೇಟ್ ಬರೋದೂ ಇಲ್ಲ, ಅದೇ ಕೊನೇದು ಅಂತ ಸೇರಿಸಿದರು. ಹೋಗುವಾಗ ಬಾಗಿಲು ಒದ್ದು ಹೋದ ನೆಂಟರ ನೆನಪಾಯಿತು.

ಎರಡನೇ ಫೋನಿನ ಕತೆ ಇನ್ನೂ ವಿಚಿತ್ರ. ಅದು ಅಪ್ಪ 2017ರಲ್ಲಿ ಕೊಂಡಿದ್ದು. ಬೀರುವಿನಲ್ಲಿ ಮಲಗಿತ್ತು. ಅಮ್ಮನಿಗೆ ಸದ್ಯಕ್ಕೆ ಇರಲಿ ಅಂತ ತೆಗೆದು ಚಾರ್ಜಿಗೆ ಹಾಕಿದರೆ ಝಗ್ ಅಂತ ಎದ್ದು ಕೂತಿತು. ಪರದೆ ಚೆನ್ನಾಗಿದೆ, ಬ್ಯಾಟರಿ ಸಂಜೆ ತನಕ ಬರುತ್ತೆ, ಸ್ಪೀಕರ್ ಅಂತೂ ನನ್ನ ಹೊಸ ಫೋನಿಗಿಂತ ಜೋರು. ಆದರೆ ಒಳಗಿರೋದು ಆ್ಯಂಡ್ರಾಯ್ಡ್ 8. ಅಮ್ಮನ ಬ್ಯಾಂಕಿನ ಆ್ಯಪ್ ಹಾಕಲು ಹೋದರೆ ಈ ಸಾಧನಕ್ಕೆ ಹೊಂದುವುದಿಲ್ಲ ಅಂತ ಒಂದೇ ಸಾಲು. ಮೈಯಲ್ಲಿ ಒಂದು ಕಾಯಿಲೆ ಇಲ್ಲದ ಮನುಷ್ಯನಿಗೆ ಊರಿನ ಯಾವ ಅಂಗಡಿಯಲ್ಲೂ ಸಾಮಾನು ಕೊಡದಿದ್ದರೆ ಹೇಗೋ, ಹಾಗೆ.

ಹಾಗಾಗಿ ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಶನಿವಾರ ಹೊರಟೆ. ಭಾನುವಾರ ಹೋದರೆ ಎಸ್.ಪಿ. ರೋಡಿನ ಬಹುತೇಕ ಅಂಗಡಿಗಳ ಬಾಗಿಲು ಎಳೆದಿರುತ್ತೆ. ಮೊದಲ ಸಲ ಹೋಗುವವರು ಮಾಡುವ ತಪ್ಪೇ ಅದು.

ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಬಹುದಿತ್ತು. ಒಂದು ಸ್ಟೇಷನ್ ಮುಂದೆ ಹೋಗಿ ಚಿಕ್ಕಪೇಟೆಯಲ್ಲಿ ಇಳಿದೆ, ಪೇಟೆಯೊಳಗೆ ನಡೆಯುವ ಆಸೆಗೆ. ನೆಲದಡಿಯ ತಂಪಿನಿಂದ ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ಎದೆಗೆ ಬಡಿಯುವ ಬಿಸಿಲು, ಕೈಗಾಡಿ, ತಲೆ ಮೇಲೆ ಸೀರೆ ಗಂಟು ಹೊತ್ತವರು. ಅವೆನ್ಯೂ ರೋಡ್ ದಾಟುವಾಗ ಹಳೇ ಪುಸ್ತಕದವರ ಮುಂದೆ ಎರಡು ನಿಮಿಷ ನಿಂತೆ, ಸುಳ್ಳು ಯಾಕೆ. ಅಲ್ಲಿಂದ ನಗರ್ತಪೇಟೆಯ ಓಣಿಗಳು. ಇಲ್ಲಿ ಒಂದೊಂದು ಪೇಟೆಗೆ ಒಂದೊಂದು ಕಸುಬು, ಹೆಸರೇ ಹೇಳುತ್ತೆ: ಅಕ್ಕಿಪೇಟೆ, ಬಳೇಪೇಟೆ, ತಿಗಳರಪೇಟೆ. ಧರ್ಮರಾಯಸ್ವಾಮಿ ದೇವಸ್ಥಾನದ ಹತ್ತಿರ ಕರಗದ ದೀಪದ ಸರಗಳನ್ನು ಇನ್ನೂ ಬಿಚ್ಚುತ್ತಿದ್ದರು. ಕರಗ ಮುಗಿದು ಒಂದು ವಾರ ಆಗಿತ್ತಷ್ಟೇ. ಏಣಿ ಮೇಲಿದ್ದ ಹುಡುಗ ಒಂದು ಸರ ಬಿಚ್ಚಿ, ಉರಿಯದ ಬಲ್ಬುಗಳನ್ನು ಒಂದೊಂದಾಗಿ ತೆಗೆದು ಬೇರೆ ಹಾಕಿ, ಮತ್ತೆ ಸುತ್ತಿಡುತ್ತಿದ್ದ. ಮುಂದಿನ ಚೈತ್ರಕ್ಕೆ ಬೇಕಲ್ಲ.

ಎಸ್.ಪಿ. ರೋಡ್ ಅಂದರೆ ಸಾದರ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಬೋರ್ಡಿನಲ್ಲಿ ಬಿಟ್ಟರೆ ಯಾರ ಬಾಯಲ್ಲೂ ಕೇಳಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಈ ರಸ್ತೆ ಪರಿಚಯ ಇರಲೇಬೇಕು. ಕೊನೇ ಸೆಮಿಸ್ಟರ್ ಪ್ರಾಜೆಕ್ಟಿಗೆ ಸೆನ್ಸರ್, ಮೋಟರ್, ಬ್ರೆಡ್‌ಬೋರ್ಡ್ ಹುಡುಕಿಕೊಂಡು ನಾಲ್ಕು ಜನ ಒಂದೇ ಬೆವರಿನಲ್ಲಿ ಅಲೆದಿರುತ್ತಾರೆ. ಒಂದು ಕಡೆ ಪಂಪ್‌ಸೆಟ್, ಸ್ವಿಚ್, ವೈರಿನ ಸುರುಳಿ. ಪಕ್ಕದಲ್ಲೇ ಮಾನಿಟರ್, ಸಿಸಿ ಕ್ಯಾಮೆರಾ. ಫುಟ್‌ಪಾತ್ ಅನ್ನೋದು ಹೆಸರಿಗೆ ಮಾತ್ರ. ಅದರ ಮೇಲೆ ರಟ್ಟಿನ ಡಬ್ಬಗಳು, ಡಬ್ಬಗಳ ಮೇಲೆ ಟೀ ಲೋಟ. "ಏನ್ ಬೇಕು ಮೇಡಂ? ಲ್ಯಾಪ್‌ಟಾಪಾ? ಚಾರ್ಜರಾ? ಬನ್ನಿ, ನೋಡಕ್ಕೆ ದುಡ್ಡಿಲ್ಲ" ಅಂತ ಹತ್ತು ಹೆಜ್ಜೆಗೆ ಒಬ್ಬರು. ಯಾರಿಗೂ ಉತ್ತರ ಕೊಡದೆ, ಆದರೆ ಸಿಟ್ಟೂ ಮಾಡಿಕೊಳ್ಳದೆ ನಡೆಯೋದು ಇಲ್ಲಿಯ ವಿದ್ಯೆ.

ಆಫೀಸಿನ ಗೆಳತಿ ಹೇಳಿದ್ದ ಅಂಗಡಿ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ. ಮೆಟ್ಟಿಲಿನಲ್ಲಿ ಎದುರಿಗೆ ಯಾರಾದರೂ ಬಂದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಅಂಗಡಿ ಅಂದರೆ ನಮ್ಮ ಅಡುಗೆಮನೆಯ ಅರ್ಧ. ಒಂದು ಮೈಕ್ರೋಸ್ಕೋಪ್, ಬಿಸಿ ಗಾಳಿ ಊದುವ ಗನ್, ಗೋಡೆ ತುಂಬ ಸಣ್ಣ ಸಣ್ಣ ಪ್ಲಾಸ್ಟಿಕ್ ಡ್ರಾಯರ್‌ಗಳು. ಪ್ರತಿ ಡ್ರಾಯರ್ ಮೇಲೆ ಪೆನ್ನಿನಲ್ಲಿ ಮಾಡೆಲ್ ಹೆಸರು. ಅಮ್ಮನ ಗುಂಡಿ, ಹುಕ್ಕುಗಳ ಡಬ್ಬಿಗಳ ಹಾಗೇ. ಕೂತಿದ್ದವರಿಗೆ ಮೂವತ್ತೈದು ಇರಬಹುದು. ಊರು ಶಿಡ್ಲಘಟ್ಟ ಅಂದರು. ಅವರಪ್ಪ ರೇಷ್ಮೆ ನೂಲು ಬಿಚ್ಚುತ್ತಿದ್ದರಂತೆ. ಮೈಕ್ರೋಸ್ಕೋಪಿನಡಿ ಕೂದಲಿಗಿಂತ ತೆಳ್ಳಗಿನ ತಂತಿಯನ್ನು ಒಂದು ಚುಕ್ಕಿಯಿಂದ ಇನ್ನೊಂದು ಚುಕ್ಕಿಗೆ ಬೆಸುಗೆ ಹಾಕುತ್ತಾ ಮಾತಾಡಿದರು. "ಬಿಸಿನೀರಲ್ಲಿ ಎಳೆ ಹುಡುಕೋದಕ್ಕಿಂತ ಇದು ಸುಲಭ, ಕೈ ಬೇಯಲ್ಲ."

ಗೆರೆಯ ಫೋನ್ ಮುಂದಿಟ್ಟೆ. ನೋಡಿದ ಕೂಡಲೇ "ಅಪ್‌ಡೇಟ್ ಮಾಡಿದ್ರಾ?" ಅಂದರು.

"ಮಾಡಿದ್ದಕ್ಕೇ ಹೀಗಾಯ್ತಾ?"

"ಅಪ್‌ಡೇಟ್ ಗೆರೆ ಎಳೆಯಲ್ಲ ಮೇಡಂ. ಡಿಸ್‌ಪ್ಲೇ ಅಂಚಲ್ಲಿ ಒಂದು ಪಟ್ಟಿ ಅಂಟಿಸಿರ್ತಾರೆ, ಅದು ಮೊದಲೇ ಸಡಿಲ ಆಗಿರುತ್ತೆ. ಅಪ್‌ಡೇಟ್ ಆಗ್ವಾಗ ಫೋನ್ ಕಾಯುತ್ತೆ ನೋಡಿ, ಆ ಬಿಸಿಗೆ ಬಿಟ್ಕೊಳ್ಳುತ್ತೆ. ನಾನ್ ನೋಡಿರೋದ್ರಲ್ಲಿ ಹಾಗೆ. ಚಾರ್ಜಿಗೆ ಹಾಕ್ಕೊಂಡು ಗೇಮ್ ಆಡೋ ಹುಡುಗರಿಗೂ ಬಂದಿದೆ."

ಹಾಗಾದರೆ ಯಾವ ಕಂಪನಿ ಒಳ್ಳೇದು ಅಂತ ಕೇಳಿಯೇಬಿಟ್ಟೆ. ಇಷ್ಟು ಫೋನು ಬಿಚ್ಚಿದವರಿಗಿಂತ ಬೇರೆ ಯಾರು ಹೇಳ್ತಾರೆ? ಅವರು ನಕ್ಕರು. "ನನ್ ಹತ್ರ ಕೆಟ್ಟಿರೋದು ಮಾತ್ರ ಬರುತ್ತೆ. ಡಾಕ್ಟ್ರಿಗೆ ಊರಲ್ಲಿರೋರೆಲ್ಲ ರೋಗಿಗಳೇ. ಯಾವ್ದು ಜಾಸ್ತಿ ಸೇಲ್ ಆಗುತ್ತೋ ಅದೇ ಜಾಸ್ತಿ ಬರುತ್ತೆ. ಬ್ರ್ಯಾಂಡ್ ಕೇಳ್ಬೇಡಿ. ಅದರ ಡಿಸ್‌ಪ್ಲೇ ಈ ರೋಡಲ್ಲಿ ಸಿಗುತ್ತಾ ಕೇಳಿ, ಅಪ್‌ಡೇಟ್ ಎಷ್ಟ್ ವರ್ಷ ಕೇಳಿ." ಹತ್ತು ವರ್ಷದಲ್ಲಿ ನೂರು ರಿವ್ಯೂ ವಿಡಿಯೋ ನೋಡಿದ್ದೇನೆ, ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಮೊದಲು ಡೇಟಾ ತೆಗೆಯೋಣ ಅಂದರು. ಅರ್ಧ ಟಚ್ ಸತ್ತಿರುವ ಫೋನಿನಿಂದ ಹೇಗೆ? ಒಂದು ಸಣ್ಣ ಕನೆಕ್ಟರ್ ಹಾಕಿ ಅದಕ್ಕೆ ಕಂಪ್ಯೂಟರಿನ ಮಾಮೂಲಿ ಮೌಸ್ ಸಿಕ್ಕಿಸಿದರು. ಪರದೆ ಮೇಲೆ ಪುಟ್ಟ ಬಾಣ ಬಂತು! ಎಂಟು ವರ್ಷದಿಂದ ಸಾಫ್ಟ್‌ವೇರ್ ಕಂಪನಿಯಲ್ಲಿ ಸಂಬಳ ತಗೋತಿರೋ ನನಗೆ ಇದು ಹೊಳೆದಿರಲಿಲ್ಲ. ಅಮ್ಮನ ನಾಲ್ಕು ಸಾವಿರ ಚಿಲ್ಲರೆ ಫೋಟೋಗಳು ಪೆನ್‌ಡ್ರೈವಿಗೆ ಹೋಗುತ್ತಿದ್ದವು: ಕುತ್ತಿಗೆ, ತೋಳು, ಬೆನ್ನು, ಝರಿ ಅಂಚು, ಮಧ್ಯೆ ಮಧ್ಯೆ ನಮ್ಮ ನಾಯಿ. ಒಂದೊಂದು ಬ್ಲೌಸ್ ಫೋಟೋದ ಮೇಲೂ ಅಳತೆ ಬರೆದ ಚೀಟಿ ಇಟ್ಟೇ ತೆಗೆದಿದ್ದಳು. ನನಗೆ ಗೊತ್ತೇ ಇರಲಿಲ್ಲ.

ಡಿಸ್‌ಪ್ಲೇ ಎರಡು ಥರ ಇತ್ತು. ಹಳೇ ಫೋನಿಂದ ಬಿಚ್ಚಿದ ಒರಿಜಿನಲ್ 5,500. ಆವತ್ತು ಸ್ಟಾಕ್ ಇಲ್ಲ, ಬುಧವಾರ ಬನ್ನಿ. ಇನ್ನೊಂದು ಕಾಪಿ, 3,200. "ಕಾಪಿ ಹಾಕಿದ್ರೆ ಪರದೆ ಮೇಲೆ ಬೆರಳು ಇಟ್ಟು ಲಾಕ್ ತೆಗೆಯೋದು ಹೋಗುತ್ತೆ. ಬಣ್ಣಾನೂ ಸ್ವಲ್ಪ ಆಚೀಚೆ. ಆಮೇಲೆ ಬಂದು ಬೈಬಾರ್ದು." ಬೆರಳಿನ ಮಾತಿಗೆ ನನಗೆ ನಗು ಬಂತು. ಇಪ್ಪತ್ತು ವರ್ಷ ಸೂಜಿ ಹಿಡಿದ ಅಮ್ಮನ ಬೆರಳನ್ನು ಆ ಫೋನ್ ಒಂದು ದಿನವೂ ಗುರುತು ಹಿಡಿದಿರಲಿಲ್ಲ. ರೇಷನ್ ಅಂಗಡಿಯ ಮೆಷಿನ್ನೇ ಅವಳ ಹೆಬ್ಬೆಟ್ಟನ್ನು ಮೂರನೇ ಸಲಕ್ಕೆ ಒಪ್ಪಿಕೊಳ್ಳೋದು. ಕಾಪಿ ಹಾಕಿ ಅಂದೆ.

ಆಮೇಲೆ ಅಪ್ಪನ ಫೋನ್ ತೆಗೆದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕೇನಾಗಿದೆ? ಚೆನ್ನಾಗಿದೆಯಲ್ಲ!"

"ಬ್ಯಾಂಕ್ ಆ್ಯಪ್ ತಗೊಳ್ತಿಲ್ಲ."

"ಓ..." ಅಂತ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅಷ್ಟು ಹೊತ್ತಿನಲ್ಲಿ ಅವರು ಕೈಚೆಲ್ಲಿದ್ದು ಅದೊಂದೇ ಸಲ. ಬೇಕಾದರೆ ಹುಡುಗರ ಕೈಲಿ ಹೊಸ ಆ್ಯಂಡ್ರಾಯ್ಡ್ ತುಂಬಿಸಿಕೊಡಬಹುದು, ಲಿನೇಜ್ ಓಎಸ್ ಅಂತ ಇದೆ, ಹೊರಗಿನವರು ಬರೆದು ಪುಕ್ಕಟೆ ಕೊಡ್ತಾರೆ. ಆದರೆ ಅದಕ್ಕೆ ಫೋನಿನ ಬೀಗ ಒಡೆಯಬೇಕು. ಬೀಗ ಒಡೆದಿರೋದು ಗೊತ್ತಾದರೆ ಬ್ಯಾಂಕ್ ಆ್ಯಪ್‌ಗಳು ಮತ್ತೆ ಬಾಗಿಲು ಹಾಕ್ತವೆ. "ಹಾಡು ಕೇಳಕ್ಕೆ, ವಿಡಿಯೋ ನೋಡಕ್ಕೆ ಆಗುತ್ತೆ. ದುಡ್ಡಿನ ಕೆಲ್ಸಕ್ಕೆ ಬರಲ್ಲ. ಇದರ ಸ್ಪೇರ್ ನನ್ ಹತ್ರ ಇಲ್ಲ ಮೇಡಂ, ಈ ರೋಡಲ್ಲಿ ಯಾರ ಹತ್ರಾನೂ ಇಲ್ಲ."

ಡಿಸ್‌ಪ್ಲೇ ಕೂರಿಸಲು ಒಂದೂವರೆ ಗಂಟೆ ಅಂದರು. ಕೆಳಗಿಳಿದು ಟೀ ಕುಡಿಯುತ್ತಾ ನಿಂತೆ. ಈ ರಸ್ತೆಯಲ್ಲಿ ಸಿಗದ ವಸ್ತುವೇ ಇಲ್ಲ ಅಂತ ಕಾಲೇಜಿನಲ್ಲಿ ಹೇಳಿಕೊಳ್ಳುತ್ತಿದ್ದೆವು. ಒಂದು ಸಿಗಲ್ಲ ಅಂತ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಅಪ್‌ಡೇಟ್ ಯಾಕೆ ನಿಲ್ಲುತ್ತೆ ಅಂತ ಅಮ್ಮನಿಗೆ ಫೋನಿನಲ್ಲೇ ವಿವರಿಸಿದೆ, ಅವಳ ಭಾಷೆಯಲ್ಲೇ. ಗೂಗಲ್ ಪ್ರತಿ ವರ್ಷ ಹೊಸ ಡಿಸೈನ್ ಬಿಡುತ್ತೆ. ಆದರೆ ಅದು ಹಾಗೇ ನಮ್ಮ ಫೋನಿಗೆ ಆಗಲ್ಲ. ಒಳಗಿನ ಚಿಪ್ ಮಾಡುವವರು ಆ ಡಿಸೈನಿಗೆ ಹೊಂದುವ ಲೈನಿಂಗ್ ಕೊಡಬೇಕು. ಆಮೇಲೆ ಫೋನ್ ಕಂಪನಿ ಪ್ರತಿ ಮಾಡೆಲ್‌ನ ಅಳತೆಗೆ ಕತ್ತರಿಸಿ, ಹೊಲಿದು, ಹಾಕಿ ನೋಡಿ ಕಳಿಸಬೇಕು. ಚಿಪ್‌ನವರು ಲೈನಿಂಗ್ ಕೊಡೋದು ನಿಲ್ಲಿಸಿದರೆ ಫೋನ್ ಕಂಪನಿಗೂ ಕಷ್ಟ. ಕೊಟ್ಟರೂ, ಮಾರಿ ಮುಗಿದ ಫೋನಿಗೆ ದುಡಿದರೆ ಹೊಸ ಕಾಸು ಹುಟ್ಟಲ್ಲ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದು ಸರಿನೇ. ನಾನೂ ಹೊಲಿದು ಕೊಟ್ಟ ಮೇಲೆ ಒಂದ್ ತಿಂಗಳು ಪುಕ್ಕಟೆ ಆಲ್ಟರ್ ಮಾಡ್ಕೊಡ್ತೀನಿ. ಆಮೇಲೆ ಬಂದ್ರೆ ನಲ್ವತ್ ರೂಪಾಯಿ. ಬ್ಲೌಸ್ ಬಿಸಾಕಿ ಹೊಸ್ದು ಹೊಲಿಸ್ಕೊಳಿ ಅಂತ ಯಾರ್ಗೂ ಹೇಳಿಲ್ಲ. ಇವ್ರು ದುಡ್ಡ್ ತಗೊಂಡಾದ್ರೂ ಮಾಡ್ಕೊಡ್ಬೋದಲ್ವಾ?"

ಮಾಡಿಕೊಡಲ್ಲ. ನಮ್ಮ ಎರಡು ಫೋನಿಗೂ ಅಂಥ ಕೌಂಟರ್ ಎಲ್ಲೂ ಇರಲಿಲ್ಲ.

ಹಾಗಂತ ಏನೂ ಬದಲಾಗಿಲ್ಲ ಅಂತಲೂ ಅಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಗೂಗಲ್ ನಮ್ಮ ದೇಶದಲ್ಲೇ ಮೊದಲು ಆ್ಯಂಡ್ರಾಯ್ಡ್ ಒನ್ ಶುರು ಮಾಡಿದಾಗ ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಫೋನುಗಳು 6,399 ರೂಪಾಯಿ ಆಸುಪಾಸಿಗೆ ಬಂದಿದ್ದವು. ಎರಡು ವರ್ಷ ಅಪ್‌ಡೇಟ್ ಅನ್ನೋದೇ ಆಗ ದೊಡ್ಡ ಸುದ್ದಿ. 2023ರ ಅಕ್ಟೋಬರ್‌ನಲ್ಲಿ ಪಿಕ್ಸೆಲ್ 8ರ ಜೊತೆ ಗೂಗಲ್ ಏಳು ವರ್ಷ ಅಂದಿತು. 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24 ಬಂದಾಗ ಸ್ಯಾಮ್‌ಸಂಗ್ ಕೂಡ ಏಳು ಅಂದಿತು. ದುಬಾರಿ ಫೋನ್ ಕೊಳ್ಳುವವರಿಗೆ ಮಾತ್ರ ಅಂದುಕೊಳ್ಳಬೇಡಿ. ಅದೇ ವರ್ಷ ಇಪ್ಪತ್ತು ಸಾವಿರದೊಳಗೆ ಬಂದ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷದ ಮಾತು ಕೊಟ್ಟಿದ್ದಾರೆ. ಐಫೋನಿನವರು ಇದರಲ್ಲಿ ಮೊದಲಿಂದಲೂ ಮುಂದೆ: 2015ರ 6ಎಸ್‌ಗೆ 2021ರ ಐಒಎಸ್ 15 ಕೂಡ ಸಿಕ್ಕಿತ್ತು. ಆದರೆ ಹಳೇ ಬ್ಯಾಟರಿಯ ಫೋನುಗಳನ್ನು ಸಾಫ್ಟ್‌ವೇರ್‌ನಿಂದಲೇ ನಿಧಾನ ಮಾಡುತ್ತಿದ್ದೆವು ಅಂತ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿದ್ದೂ ಅದೇ ಆ್ಯಪಲ್. ಹಾಗಾಗಿ ಯಾರ ಜಾತ್ರೆಯಲ್ಲೂ ನಾನು ತೇರು ಎಳೆಯಲ್ಲ.

ಯುರೋಪಿನಲ್ಲಿ 2025ರ ಜೂನ್ 20ರಿಂದ ಇದನ್ನು ಕಂಪನಿಯ ದೊಡ್ಡ ಮನಸ್ಸಿಗೆ ಬಿಡದೆ ನಿಯಮವನ್ನೇ ಮಾಡಿದ್ದಾರೆ. ಮಾಡೆಲ್‌ನ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್, ಏಳು ವರ್ಷ ಬಿಡಿಭಾಗ. ಇಲ್ಲಿ ಒಂದು ಪದ ಗಮನಿಸಿ: ಮಾರಾಟ ನಿಂತ ಮೇಲೆ. ನಮ್ಮಲ್ಲಿ ಬಾಕ್ಸ್ ಮೇಲಿನ ವರ್ಷಗಳು ಸಾಮಾನ್ಯವಾಗಿ ಫೋನ್ ಬಿಡುಗಡೆಯಾದ ದಿನದಿಂದ ಲೆಕ್ಕ. ಒಂದೂವರೆ ವರ್ಷ ಹಳೇ ಮಾಡೆಲ್ ದೀಪಾವಳಿ ಆಫರ್‌ನಲ್ಲಿ ಸಿಕ್ಕಿತು ಅಂತ ಖುಷಿಪಟ್ಟರೆ, ಆ ಒಂದೂವರೆ ವರ್ಷ ಮೊದಲೇ ಖರ್ಚಾಗಿರುತ್ತೆ. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಸರ್ವಿಸ್ ಸೆಂಟರ್ ವಿವರ, ವಾರಂಟಿ ವಿವರ ಅಲ್ಲಿ ಸಿಗುತ್ತೆ. ಆ ಮೆಟ್ಟಿಲ ಮೇಲಿನ ಅಂಗಡಿಗೆ ಒರಿಜಿನಲ್ ಡಿಸ್‌ಪ್ಲೇ ಸಿಗಲ್ಲ.

ನೀವು ಇದನ್ನು ಓದ್ತಾ ಇರೋದೂ ಫೋನಿನಲ್ಲೇ ತಾನೇ? ಸೆಟ್ಟಿಂಗ್ಸ್‌ಗೆ ಹೋಗಿ ಫೋನಿನ ವಿವರದಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳದ್ದು ನೋಡಿ. ಆಮೇಲೆ ಊರಿಗೆ ಹೋದಾಗ ಅಪ್ಪ ಅಮ್ಮನ ಫೋನಿನಲ್ಲೂ ನೋಡಿ. ನಾನು ಟೀ ಅಂಗಡಿ ಮುಂದೆ ನಿಂತು ಲೆಕ್ಕ ಹಾಕಿದೆ. ಅಪ್‌ಡೇಟ್ ಸರಿಯಾಗಿ ಬರುತ್ತಿದ್ದ ಎರಡು ವರ್ಷ ಫೋನ್ ನನ್ನ ಹತ್ತಿರ ಇತ್ತು. ಯಾವ ಲಿಂಕ್ ಒತ್ತಬಾರದು, ಯಾವ ಮೆಸೇಜ್ ಮೋಸ ಅಂತ ಅಷ್ಟಿಷ್ಟು ಗೊತ್ತಿರೋಳು ನಾನು. ರಕ್ಷಣೆ ಮುಗಿಯುವ ಹೊತ್ತಿಗೆ ಸರಿಯಾಗಿ ಅದನ್ನು ಅಮ್ಮನ ಕೈಗೆ ಕೊಟ್ಟಿದ್ದೆ. ಮದುವೆ ಕರೆಯೋಲೆ ಅಂತ ಯಾರು ಯಾವ ಫೈಲ್ ಕಳಿಸಿದರೂ ತೆರೆದು ನೋಡಿ "ಶುಭವಾಗಲಿ" ಅಂತ ಉತ್ತರ ಹಾಕುವವಳಿಗೆ, ಹೊಸ ಕವರ್ ಹಾಕಿ.

ಮೇಲೆ ಹೋದಾಗ ಫೋನ್ ಸಿದ್ಧ ಇತ್ತು. ಗೆರೆ ಇಲ್ಲ, ಟಚ್ ಪೂರ್ತಿ ಕೆಲಸ ಮಾಡುತ್ತೆ. ಬ್ಯಾಂಕ್ ಆ್ಯಪ್ ತೆರೆದು ನೋಡಿದೆ, ತೆರೆಯಿತು. "ಇನ್ನೆಷ್ಟು ದಿನ ಬರಬಹುದು?" ಅಂದೆ. "ಡಿಸ್‌ಪ್ಲೇಗೆ ನಾನು ಮೂರು ತಿಂಗಳು ಗ್ಯಾರಂಟಿ. ಒಳಗಿಂದು ನನ್ ಕೈಲಿಲ್ಲ." ಅಪ್ಪನ ಫೋನನ್ನು ವಾಪಸ್ ಕೊಡುವಾಗ ಅದರ ಸ್ಪೀಕರ್ ಜಾಲರಿಯನ್ನು ಬ್ರಷ್‌ನಿಂದ ಉಜ್ಜಿ ಕೊಟ್ಟರು. ದುಡ್ಡು ಕೇಳಲಿಲ್ಲ.

ರಾತ್ರಿ ತಮ್ಮನ ಜೊತೆ ಮಾತಾಡಿದೆ. ದೀಪಾವಳಿಗೆ ಹೊಸ ಫೋನ್ ಕೊಳ್ಳುವ ಸರದಿ ನನ್ನದಿತ್ತು. ಅದು ಅಮ್ಮನಿಗೆ ಹೋಗಲಿ, ಅವಳ ಕಾಪಿ ಡಿಸ್‌ಪ್ಲೇ ಫೋನ್ ನಾನಿಟ್ಟುಕೊಳ್ತೀನಿ, ದುಡ್ಡಿನ ಆ್ಯಪ್ ಎಲ್ಲಾ ತೆಗೆದು ಅಲಾರಂ, ಹಾಡು, ಓದೋದಕ್ಕೆ ಮಾತ್ರ ಅಂದೆ. ಅವನು ಒಪ್ಪಿದ. ಅಮ್ಮ ಒಪ್ಪಲಿಲ್ಲ. ಹೊಸದು ನನಗ್ಯಾಕೆ, ಮನೇಲಿರೋಳಿಗೆ ಅಂದಳು. ತಿಂಗಳಿಗೆ ನಲವತ್ತು ಜನರ ಹತ್ತಿರ ದುಡ್ಡು ತಗೊಳ್ಳುವವಳು ಹೇಳೋ ಮಾತಾ ಇದು! ಈ ಜಗಳ ದೀಪಾವಳಿ ತನಕ ನಡೆಯಿತು, ಗೆದ್ದಿದ್ದು ನಾನು.

ಅದಕ್ಕೆ ಮುಂಚೆ, ಫೋನ್ ತಿಪಟೂರು ಸೇರಿದ ಮೂರನೇ ದಿನ, ಅಮ್ಮನ ವಾಯ್ಸ್ ಮೆಸೇಜ್ ಬಂತು. ಹಿಂದೆ ಮೆಷಿನ್ ಸದ್ದು, ಅಪ್ಪನ ಫೋನಿನಲ್ಲಿ ಜೋರಾಗಿ ಹಾಡು. "ಎಲ್ಲಾ ಸರಿ ಇದೆ ಕಣೇ. ಬಣ್ಣ ಮಾತ್ರ ಮೋಸ. ಕೆ.ಬಿ. ಕ್ರಾಸಿನ ಹುಡ್ಗಿ ರಾಣಿ ಪಿಂಕ್ ಸೀರೆ ಫೋಟೋ ಕಳ್ಸಿದ್ಲು, ಇದ್ರಲ್ಲಿ ಕುಂಕುಮದ ಬಣ್ಣ ಕಾಣ್ಸ್ತು. ಅದಕ್ಕೆ ಮ್ಯಾಚಿಂಗ್ ದಾರ ತಂದು ಎರಡು ತೋಳು ಹೊಲ್ದು ಬಿಚ್ಚಿದೆ. ಈಗ ಎಲ್ರಿಗೂ ಹೇಳ್ಬಿಟ್ಟಿದೀನಿ, ಡಿಸೈನ್ ಬೇಕಾದ್ರೆ ಫೋನಲ್ಲಿ ಕಳ್ಸಿ, ಬಣ್ಣಕ್ಕೆ ಸೀರೆ ತುಂಡು ತಂದು ಕೊಡಿ ಅಂತ."